ಹೆಂಚಿನ ಮಂಜಿಯಿಂದ ತಿರುಗುವ ಕಂಬದವರೆಗೆ

ದಕ್ಷಿಣ ಬೆಂಗಳೂರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಮಾಡಿನಿಂದ ಇಳಿಸಿದ ಹೆಂಚನ್ನು ಮಗುಚಿ ನೋಡಿ. ಅದೃಷ್ಟವಿದ್ದರೆ ಬಾಸೆಲ್ ಮಿಷನ್ ಹೆಸರು, ಪಕ್ಕದಲ್ಲಿ 1865 ಎಂಬ ಇಸವಿ ಕಂಡೀತು. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ.

ಆ ಕಾಲದಲ್ಲಿ ಮಂಗಳೂರಿನ ಹೆಂಚು ಕರಾವಳಿಯುದ್ದಕ್ಕೂ ಊರೂರು ತಲುಪಿದ್ದು ಗಾಳಿಯ ಬಲದಿಂದ. ಬಂದರಿನ ದಕ್ಕೆಯಲ್ಲಿ ಮಂಜಿ, ಪತ್ತೇಮಾರಿ ಎಂಬ ಹಾಯಿಹಡಗುಗಳಿಗೆ ಹೆಂಚು ತುಂಬಿಸಿ, ನೇತ್ರಾವತಿ–ಗುರುಪುರ ನದಿಗಳ ಅಳಿವೆ ದಾಟಿಸಿದರೆ ಮುಂದಿನದು ಹಡಗು ನಡೆಸುವ ತಂಡೇಲನ ಲೆಕ್ಕಾಚಾರ. ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಯಲ್ಲಿ ಒಂದಿಷ್ಟು ದೂರ, ಮಧ್ಯಾಹ್ನದ ಮೇಲೆ ಕಡಲಗಾಳಿಯಲ್ಲಿ ಮತ್ತೊಂದಿಷ್ಟು. ಮಳೆಗಾಲದಲ್ಲಿ ಎಲ್ಲ ಬಂದ್. ಹೆಂಚು ಭಾರದ ಮಾಲು, ಆದರೆ ಕೆಡುವ ಮಾಲಲ್ಲ. ನಾಲ್ಕು ದಿನ ತಡವಾದರೂ ಯಾರಿಗೂ ನಷ್ಟವಿಲ್ಲ. ಹಾಯಿಗೆ ಹೇಳಿ ಮಾಡಿಸಿದ ಸರಕು ಅದು.

ಮುಂದೆ ಮಂಜಿಗೂ ಡೀಸೆಲ್ ಎಂಜಿನ್ ಬಂತು. ಲಕ್ಷದ್ವೀಪಕ್ಕೆ ದಿನಸಿ, ಸಿಮೆಂಟು ಹೊತ್ತು ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಮಂಜಿಗಳು ಹೊರಡುತ್ತವೆ, ಎಂಜಿನ್ ಬಲದಲ್ಲಿ. ಎಪ್ಪತ್ತರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಮೇಲೆ ದೊಡ್ಡ ವ್ಯಾಪಾರವೆಲ್ಲ ಅತ್ತ ಸರಿಯಿತು.

ಹಾಗಂತ ಗಾಳಿಯ ಆಸೆಯನ್ನು ಎಲ್ಲರೂ ಬಿಟ್ಟಿರಲಿಲ್ಲ. 1924ರಲ್ಲಿ ಜರ್ಮನಿಯ ಆಂಟನ್ ಫ್ಲೆಟ್ನರ್ 'ಬುಕಾವ್' ಎಂಬ ಹಡಗಿನ ಹಾಯಿ ಕಿತ್ತು, ಅದರ ಜಾಗದಲ್ಲಿ ಎರಡು ದಪ್ಪನೆಯ ಟೊಳ್ಳು ಕಂಬ ನಿಲ್ಲಿಸಿದ. ಮೋಟಾರು ಕಂಬವನ್ನು ಗಿರ್ರನೆ ತಿರುಗಿಸುತ್ತದೆ. ಅಡ್ಡಗಾಳಿ ಬಂದಾಗ ಕಂಬದ ಒಂದು ಮಗ್ಗುಲಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ, ಹಡಗು ಮುಂದಕ್ಕೆ ಸೆಳೆಯಲ್ಪಡುತ್ತದೆ. ಕ್ರಿಕೆಟ್ಟಿನ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ತಿರುಗಿಸಿ ಬಿಟ್ಟ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಜಾರುತ್ತಿತ್ತಲ್ಲ, ಅದೇ ಸೂತ್ರ. 1926ರಲ್ಲಿ ಈ ಹಡಗು ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಮುಟ್ಟಿತು. ಆದರೆ ಎಣ್ಣೆ ಅಗ್ಗವಾಗಿತ್ತು, ಕಂಬ ಯಾರಿಗೂ ಬೇಡವಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಜಪಾನ್ 1980ರಲ್ಲಿ 'ಶಿನ್ ಐತೋಕು ಮಾರು' ಎಂಬ ಹಾಯಿ ಸಹಿತ ಟ್ಯಾಂಕರನ್ನು ಇಳಿಸಿತು. ಎಣ್ಣೆ ಬೆಲೆ ಇಳಿದದ್ದೇ ತಡ, ಆ ಉತ್ಸಾಹವೂ ಇಳಿಯಿತು.

ಈ ಸಲದ ಒತ್ತಡ ಬೇರೆ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಹಡಗುಗಳ ಪಾಲು ಸುಮಾರು ಶೇ. 3. ಅದನ್ನು 2050ರ ಸುಮಾರಿಗೆ ನಿವ್ವಳ ಶೂನ್ಯಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಗುರಿ ಹಾಕಿಕೊಂಡಿದೆ. ಯುರೋಪಿನ ಬಂದರುಗಳಿಗೆ ಹೋಗುವ ದೊಡ್ಡ ಹಡಗುಗಳು 2024ರಿಂದ ಇಂಗಾಲಕ್ಕೂ ದುಡ್ಡು ತೆರುತ್ತಿವೆ. ಫ್ಲೆಟ್ನರನ ಕಂಬ ಮತ್ತೆ ಎದ್ದು ನಿಂತದ್ದು ಹೀಗೆ. 2018ರಲ್ಲಿ 'ಮರ್ಸ್ಕ್ ಪೆಲಿಕನ್' ಟ್ಯಾಂಕರಿಗೆ 30 ಮೀಟರ್ ಎತ್ತರದ ಎರಡು ಕಂಬ ಕೂರಿಸಿದರು. ಒಂದು ವರ್ಷದ ಪರೀಕ್ಷೆಯಲ್ಲಿ ಇಂಧನದ ಉಳಿತಾಯ ಶೇ. 8.2. 2023ರಲ್ಲಿ 'ಪಿಕ್ಸಿಸ್ ಓಷನ್' ಹಡಗಿನ ಮೇಲೆ ಹಾಯಿಯ ಕೆಲಸ ಮಾಡುವ 37.5 ಮೀಟರಿನ ಎರಡು ಗಟ್ಟಿ ರೆಕ್ಕೆಗಳು ಬಂದವು. ಮೊದಲ ಆರು ತಿಂಗಳ ಸರಾಸರಿಯಲ್ಲಿ ದಿನಕ್ಕೆ 3 ಟನ್ ಇಂಧನ ಉಳಿಯಿತು.

ಎಂಜಿನ್ನನ್ನೇ ಬಿಡುವ ಮಾತು ಇಲ್ಲಿಲ್ಲ. ಶೇ. 8 ಕೇಳಲು ಚಿಕ್ಕದು, ಇಂಧನದ ಬಿಲ್ಲು ಕಟ್ಟುವವನಿಗೆ ಅಲ್ಲ.

ತೊಡಕು ಜಾಗದ್ದು. ಕಂಟೇನರ್ ಹಡಗಿನ ಅಟ್ಟದ ಮೇಲೆ ಪೆಟ್ಟಿಗೆಗಳೇ ತುಂಬಿರುತ್ತವೆ, ಕಂಬಕ್ಕೆಲ್ಲಿ ಎಡೆ? ಅದಿರಿನ ಹಡಗಿನಲ್ಲಿ ಜಾಗವುಂಟು, ಆದರೆ ಸರಕು ಸುರಿಯುವ ಯಂತ್ರದ ತೋಳಿಗೆ ಕಂಬ ಅಡ್ಡ ಬರುತ್ತದೆ. ಅದಕ್ಕೇ 2021ರಲ್ಲಿ 'ಸೀ ಝೌಶಾನ್' ಎಂಬ ಅದಿರಿನ ಹಡಗಿಗೆ ಹಾಕಿದ ಐದು ಕಂಬಗಳನ್ನು ಬಂದರಿನಲ್ಲಿ ಮಲಗಿಸಿಬಿಡಬಹುದು. ಟ್ಯಾಂಕರಿನಲ್ಲಿ ಆ ರಗಳೆಯೂ ಇಲ್ಲ, ಎಣ್ಣೆ ಕೊಳವೆಯಲ್ಲೇ ಹತ್ತಿಳಿಯುತ್ತದೆ. ಪಣಂಬೂರಿಗೆ ಬರುವುದು ಬಹುಪಾಲು ಕಚ್ಚಾ ತೈಲ, ಎಲ್‌ಪಿಜಿ, ಕಲ್ಲಿದ್ದಲು. ಹೆಂಚಿನ ಹಾಗೆಯೇ ಭಾರದ, ಅವಸರವಿಲ್ಲದ ಸರಕು. ಕಂಬ ಹೊತ್ತ ಹಡಗುಗಳನ್ನು ಅಲ್ಲಿ ನಿರೀಕ್ಷಿಸುವುದಾದರೆ ಮೊದಲು ಟ್ಯಾಂಕರುಗಳ ಸಾಲನ್ನೇ ನೋಡಬೇಕು.