ನೆರೆಯಿಂದ ರಕ್ಷಣೆ: ಮಲಪ್ರಭಾ ಕಣಿವೆ ಕೇಳುವ ಲೆಕ್ಕ



ನೆರೆ ತಡೆಯುವ ಕಾಮಗಾರಿಯೊಂದು ಸಾರ್ಥಕವಾಯಿತೆಂದು ಯಾವ ಆಧಾರದ ಮೇಲೆ ಹೇಳುತ್ತೇವೆ? ಎಷ್ಟು ಮೀಟರ್ ತಡೆಗೋಡೆ ಎದ್ದಿತು, ಎಷ್ಟು ಕೋಟಿ ಖರ್ಚಾಯಿತು ಎಂಬುದನ್ನು ಕಡತಗಳು ಹೇಳುತ್ತವೆ. ಮುಂದಿನ ನೆರೆಯಲ್ಲಿ ಯಾರ ಮನೆಗೆ ನೀರು ನುಗ್ಗಲಿಲ್ಲ, ಆ ನೀರು ಬೇರೆ ಯಾರ ಮನೆಗೆ ನುಗ್ಗಿತು ಎಂಬುದನ್ನು ಹೇಳುವ ಕಡತ ಅಪರೂಪ. ಒಂದು ಊರನ್ನಲ್ಲ, ಇಡೀ ಜಲಾನಯನ ಪ್ರದೇಶವನ್ನು ಘಟಕವಾಗಿ ಹಿಡಿದು ಯೋಜಿಸಬೇಕು; ಕಾಮಗಾರಿ ಮುಗಿದ ಮೇಲೂ ಅದೇ ಘಟಕದಲ್ಲಿ ಮೌಲ್ಯಮಾಪನ ನಡೆಸಬೇಕು. ಈ ಮಾತನ್ನು ಮಲಪ್ರಭೆಯನ್ನೇ ಮುಂದಿಟ್ಟು ವಾದಿಸುತ್ತೇನೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಸುಮಾರು 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟುವಲ್ಲಿ ಪಶ್ಚಿಮಘಟ್ಟದ ಜಡಿಮಳೆ. ರಾಮದುರ್ಗ, ನರಗುಂದ, ಬಾದಾಮಿಗಳಲ್ಲಿ ಬರಗಾಲದ ನೆಲ. 2019ರ ಆಗಸ್ಟ್‌ನಲ್ಲಿ ಮಳೆ ಸುರಿದದ್ದು ಮುಖ್ಯವಾಗಿ ಮೇಲ್ಭಾಗದಲ್ಲಿ. ಈ ನದಿಗೆ ಕಟ್ಟಿದ ನವಿಲುತೀರ್ಥದ ಜಲಾಶಯ ತುಂಬಿ, ಬಿಟ್ಟ ನೀರು ಕೊಣ್ಣೂರಿಗೂ ಪಟ್ಟದಕಲ್ಲಿಗೂ ನುಗ್ಗಿತು. ಆದರೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ ಬಯಲುಸೀಮೆಯ ಮೇಲೆಯೇ ಸುರಿಯಿತು. ಅಣೆಕಟ್ಟೆಯ ಕೆಳಗಿನ ಹಳ್ಳಗಳೇ ಹೊಳೆಗಳಾದವು. ಹುಬ್ಬಳ್ಳಿ, ನವಲಗುಂದದ ಎರೆಭೂಮಿಯ ನೀರನ್ನೆಲ್ಲ ಹೊತ್ತು ತರುವ ಬೆಣ್ಣೆಹಳ್ಳ ಮಲಪ್ರಭೆಯನ್ನು ಸೇರುವುದು ರೋಣ ತಾಲ್ಲೂಕಿನ ಮೆಣಸಗಿಯ ಬಳಿ, ಅಣೆಕಟ್ಟೆಗಿಂತ ಬಹಳ ಕೆಳಗೆ. ಗೇಟುಗಳನ್ನು ಎಷ್ಟೇ ಜಾಣತನದಿಂದ ನಿರ್ವಹಿಸಿದರೂ ಬೆಣ್ಣೆಹಳ್ಳ ಅದಕ್ಕೆ ಬಗ್ಗುವುದಿಲ್ಲ. ಹತ್ತು ವರ್ಷಗಳ ಅಂತರದಲ್ಲಿ ಒಂದೇ ಕಣಿವೆಗೆ ಎರಡು ಬೇರೆ ಬೇರೆ ಬಗೆಯ ನೆರೆ ಬಂದಿರುವಾಗ, ಒಂದನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಯೋಜನೆ ಇನ್ನೊಂದರ ಎದುರು ನಿಲ್ಲಲಾರದು. ನದಿಪಾತ್ರದ ಒತ್ತುವರಿ, ಹೂಳು, ಜಾಲಿಯ ಪೊದೆಗಳು ಎರಡನ್ನೂ ಬಿಗಡಾಯಿಸುತ್ತವೆ.

ಜನ ಇಂದು ನೀರಿನಲ್ಲಿ ನಿಂತಿರುವಾಗ ಇಡೀ ಕಣಿವೆಯ ಅಧ್ಯಯನ ಮುಗಿಯುವವರೆಗೆ ಕಾಯಬೇಕೆ, ತಡೆಗೋಡೆಯನ್ನಾದರೂ ಕಟ್ಟಬಾರದೆ ಎಂದು ಕೇಳುವವರಿದ್ದಾರೆ. ಅವರ ಆತುರ ನ್ಯಾಯವಾದದ್ದು. ಗೋಡೆ ಬೇಡವೆಂದು ನಾನೂ ಹೇಳುತ್ತಿಲ್ಲ. ಆದರೆ ಗೋಡೆ ನೀರನ್ನು ಇಲ್ಲವಾಗಿಸುವುದಿಲ್ಲ. ಹರಡಿಕೊಳ್ಳುತ್ತಿದ್ದ ನೀರನ್ನು ಎತ್ತರಿಸಿ, ವೇಗ ಹೆಚ್ಚಿಸಿ ಮುಂದಕ್ಕೆ ನೂಕುತ್ತದೆ. ಬಿಹಾರದಲ್ಲಿ 1950ರ ದಶಕದಲ್ಲಿ ಸುಮಾರು 160 ಕಿಲೋಮೀಟರ್ ಇದ್ದ ನದಿ ಒಡ್ಡುಗಳು ಮೂರು ಸಾವಿರ ಕಿಲೋಮೀಟರ್ ದಾಟಿ ಬೆಳೆದವು. ಅದೇ ಅವಧಿಯಲ್ಲಿ ನೆರೆಪೀಡಿತ ಪ್ರದೇಶ ಸುಮಾರು 25 ಲಕ್ಷ ಹೆಕ್ಟೇರಿನಿಂದ 68 ಲಕ್ಷ ಹೆಕ್ಟೇರಿಗೆ ಏರಿತು. ಇದಕ್ಕೆ ಒಡ್ಡುಗಳೊಂದೇ ಕಾರಣವಲ್ಲ, ಆದರೂ ಒಡ್ಡಿನ ಉದ್ದವನ್ನೇ ರಕ್ಷಣೆಯ ಅಳತೆಯೆಂದು ನಂಬುವುದು ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಇಷ್ಟು ಸಾಕು. ಗೋಡೆ ಕಟ್ಟಿದ ಕಡೆ ಜನ ನಿಶ್ಚಿಂತರಾಗಿ ನದಿಯಂಚಿಗೇ ಮನೆ ಕಟ್ಟುತ್ತಾರೆ ಎಂಬುದನ್ನೂ ನೆನಪಿಡಬೇಕು. ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಸಾಧ್ಯತೆ. ಮೂವತ್ತು ವರ್ಷ ಬಾಳುವ ಮನೆಯೊಂದು ಅದನ್ನು ಕಾಣುವ ಸಂಭವ ಶೇಕಡಾ 26ರಷ್ಟು. ಈ ಮಾತನ್ನು ಊರಿನವರಿಗೆ ತಿಳಿಯುವಂತೆ ಹೇಳುವುದೂ ಯೋಜನೆಯ ಕೆಲಸವೇ.

ಜಲಾಶಯದಲ್ಲಿ ನೆರೆಗಾಗಿ ಜಾಗ ಖಾಲಿ ಬಿಡುವ ಸಲಹೆಗೆ ರೈತರು ಒಡ್ಡುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 37.73 ಟಿಎಂಸಿ ಸಾಮರ್ಥ್ಯದ ಈ ಜಲಾಶಯ ತುಂಬದೆ ಹೋದ ವರ್ಷಗಳೇ ಹೆಚ್ಚು. ಹಾಗಿರುವಾಗ ಆಗಸ್ಟ್‌ನಲ್ಲಿ ನೀರು ಬಿಟ್ಟುಬಿಡಿ ಎಂದರೆ ಯಾರು ಒಪ್ಪುತ್ತಾರೆ? ಆದ್ದರಿಂದ ಕಾಯಂ ಖಾಲಿ ಜಾಗದ ಬದಲು, ಘಟ್ಟದ ಮಳೆಯ ಮುನ್ಸೂಚನೆಗೆ ಹೊಂದಿಕೊಂಡು ಮುಂಚಿತವಾಗಿ, ಹಂತಹಂತವಾಗಿ ನೀರು ಬಿಡುವ ನಿಯಮ ಬೇಕು. ಆ ನಿಯಮ ಬಹಿರಂಗವಾಗಿರಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ವೆಚ್ಚ-ಲಾಭದ ಲೆಕ್ಕ. ಅಲ್ಲಿ ಲಾಭವೆಂದರೆ ಹಾಳಾಗದೆ ಉಳಿದ ಆಸ್ತಿಯ ಬೆಲೆ. ಆರ್‌ಸಿಸಿ ಮನೆ ಉಳಿದರೆ ಲಾಭ ದೊಡ್ಡದು, ಮಣ್ಣಿನ ಗೋಡೆಯ ಮನೆ ಉಳಿದರೆ ಚಿಕ್ಕದು. ಹೀಗಾಗಿ ಬಡವರ ಕೇರಿ ಆದ್ಯತೆಯ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಆದರೆ ಎರಡು ಎಮ್ಮೆ, ಒಂದು ಹೊಲಿಗೆ ಯಂತ್ರ, ಬಿತ್ತನೆಗಿಟ್ಟ ಜೋಳ ಕೊಚ್ಚಿಹೋದರೆ ಆ ಕುಟುಂಬ ಚೇತರಿಸಿಕೊಳ್ಳಲು ಬೇಕಾಗುವ ವರ್ಷಗಳನ್ನು ಯಾವ ಕಾಲಮಿನಲ್ಲಿ ಬರೆಯುತ್ತೇವೆ? 2009ರ ನೆರೆಯ ನಂತರ ಸಂತ್ರಸ್ತರಿಗಾಗಿ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಮನೆಗಳಲ್ಲಿ ಹಲವು ಖಾಲಿ ಉಳಿದದ್ದೂ ಇಂಥದೇ ಲೆಕ್ಕದಿಂದ. ಮನೆಗಳನ್ನು ಎಣಿಸಿದೆವು, ಹೊಲ ಎಷ್ಟು ದೂರ, ದನ ಕಟ್ಟುವುದು ಎಲ್ಲಿ ಎಂದು ಕೇಳಲಿಲ್ಲ.

ಈ ಸಂಕಿರಣದಲ್ಲಿ ಮಂಡನೆಯಾಗುವ ಪ್ರತಿಯೊಂದು ಯೋಜನೆಯ ಮುಂದೆಯೂ ಒಂದು ಪ್ರಶ್ನೆ ಇಡಿ ಎಂದು ನಿಮ್ಮನ್ನು ಕೋರುತ್ತೇನೆ: ಇದರ ಕೆಳಗಿನ ಮೊದಲ ಊರು ಯಾವುದು, ಅಲ್ಲಿ ನೀರು ಎಷ್ಟು ಏರುತ್ತದೆ? ಆ ಊರಿನ ಹೆಸರಿಲ್ಲದ ಯೋಜನಾ ವರದಿಗೆ ನಮ್ಮ ಒಪ್ಪಿಗೆ ಸಿಗಬಾರದು.