ಅಂಗೈಯ ಗಂಟು

ಇಂದು ವೈದ್ಯಪದವಿಯನ್ನು ಸ್ವೀಕರಿಸಿದ ತರುಣ ಮಿತ್ರರೆ,

ನಾಳೆಯೋ ನಾಡಿದ್ದೋ ನಿಮ್ಮ ಮುಂದೆ ವಯಸ್ಸಾದವರೊಬ್ಬರು ಕುಳಿತು, ಅಂಗೈಯನ್ನು ಮೇಜಿನ ಮೇಲೆ ಸಮನಾಗಿ ಊರಲು ಆಗುತ್ತಿಲ್ಲವೆಂದು ಹೇಳಿಯಾರು. ಉಂಗುರದ ಬೆರಳಿನ ಬುಡದಲ್ಲಿ ನಿಮ್ಮ ಹೆಬ್ಬೆರಳನ್ನು ಒತ್ತಿ ನೋಡಿದರೆ ಚರ್ಮಕ್ಕೆ ಅಂಟಿಕೊಂಡ ಗಟ್ಟಿಯಾದ ಗಂಟೊಂದು, ಅದರ ಪಕ್ಕದಲ್ಲಿ ಚರ್ಮ ಒಳಕ್ಕೆ ಜಗ್ಗಿದ ಒಂದು ಕುಳಿ, ಗಂಟಿನಿಂದ ಬೆರಳಿನತ್ತ ಬಿಗಿದು ನಿಂತ ಒಂದು ನಾರು ಕೈಗೆ ಸಿಕ್ಕುವುವು. ಬಾಗಿದ ಬೆರಳೆಂದೊಡನೆ ನಮ್ಮ ನಾಡಿನ ವೈದ್ಯನಿಗೆ ಕುಷ್ಠರೋಗದ ನೆನಪಾಗುವುದು ಸಹಜವೇ ಆಗಿದೆ; ಆದರೆ ಅಲ್ಲಿ ನರವು ಕೆಟ್ಟು, ಸ್ಪರ್ಶಜ್ಞಾನ ಅಳಿದು, ಬುಡದ ಕೀಲು ಹಿಂದಕ್ಕೆ ಬಾಗಿರುತ್ತದೆ; ಇಲ್ಲಿ ಸ್ಪರ್ಶಜ್ಞಾನ ಅಕ್ಷುಣ್ಣವಾಗಿದ್ದು ಬುಡದ ಕೀಲೇ ಅಂಗೈಯತ್ತ ಮಡಿಚಿಕೊಂಡಿರುತ್ತದೆ, ಎಷ್ಟು ಬಲವಾಗಿ ಎಳೆದರೂ ನೆಟ್ಟಗಾಗದು. ಇದು ಡ್ಯುಪಿಟ್ರಾನ್ ವ್ಯಾಧಿ. ವೈದ್ಯಶಾಸ್ತ್ರವು ರೋಗಿಯ ಹಾಸಿಗೆಗೂ ಪ್ರಯೋಗಶಾಲೆಗೂ ನಡುವೆ ಹೇಗೆ ನಡೆದಾಡಿ ಬೆಳೆಯುತ್ತದೆಂಬುದನ್ನು ಇದರಷ್ಟು ವಿಶದವಾಗಿ ತೋರುವ ಮತ್ತೊಂದು ವ್ಯಾಧಿಯನ್ನು ನಾನು ಕಾಣೆನಾದ್ದರಿಂದ, ಈ ಶುಭದಿನದಲ್ಲಿ ಇದನ್ನೇ ಕುರಿತು ನಾಲ್ಕು ಮಾತನ್ನು ಆಡಬಯಸುತ್ತೇನೆ.

1614ರಷ್ಟು ಹಿಂದೆಯೇ ಬಾಸೆಲ್ ನಗರದ ಫೆಲಿಕ್ಸ್ ಪ್ಲಾಟರ್ ಇಂಥ ಕೈಯೊಂದನ್ನು ವರ್ಣಿಸಿದ್ದನು. ಲಂಡನ್ನಿನ ಹೆನ್ರಿ ಕ್ಲೈನ್ ಮತ್ತು ಆಸ್ಟ್ಲಿ ಕೂಪರ್ ಅದರ ಮೂಲವನ್ನು ಬಹುಮಟ್ಟಿಗೆ ಗುರುತಿಸಿದ್ದರು. ಆದರೂ ದೋಷವು ಸ್ನಾಯುರಜ್ಜುವಿನದಲ್ಲ, ಅಂಗೈಯ ಚರ್ಮದಡಿ ಹರಡಿರುವ ನಾರುಪೊರೆಯದೆಂಬುದನ್ನು 1831ರಲ್ಲಿ ಪ್ಯಾರಿಸಿನ ಓಟೆಲ್ ದ್ಯೂ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕವೂ ಉಪನ್ಯಾಸದ ಮೂಲಕವೂ ಜಗತ್ತಿಗೆ ಮನವರಿಕೆ ಮಾಡಿಕೊಟ್ಟವನು ಗಿಯೋಮ್ ಡ್ಯುಪಿಟ್ರಾನ್. ಹೆಸರು ಅವನಿಗೆ ಸಂದಿತು. ಮುಂದೆ 1972ರಲ್ಲಿ ಗಬ್ಬಿಯಾನಿ ಮತ್ತು ಮಾಯ್ನೊ ಎಂಬ ವಿದ್ವಾಂಸರು ಈ ಗಂಟನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಕೊಲ್ಯಾಜೆನ್ನನ್ನು ಸ್ರವಿಸುವ ಸಾಧಾರಣ ತಂತುಕೋಶವು ಸ್ನಾಯುಕೋಶದಂತೆ ಸಂಕುಚಿಸುವ ಗುಣವನ್ನೂ ಪಡೆದಿರುವುದನ್ನು ಕಂಡರು. ಮಯೋಫೈಬ್ರೊಬ್ಲಾಸ್ಟ್ ಎಂದು ಕರೆಯಲ್ಪಡುವ ಈ ಕೋಶವೇ ಬೆರಳನ್ನು ಎಳೆಯುವ ಕರ್ತೃ.

ಹಾಗಾದರೆ ಕೆಲವರ ಅಂಗೈಯಲ್ಲಿ ಮಾತ್ರ ಈ ಕೋಶವು ಹುಟ್ಟಿಕೊಳ್ಳುವುದೇಕೆ? ವ್ಯಾಧಿಯು ಉತ್ತರ ಯೂರೋಪಿನ ಕುಟುಂಬಗಳಲ್ಲಿ ತಲೆತಲಾಂತರವಾಗಿ ಬರುವುದು ಬಹುಕಾಲದಿಂದ ತಿಳಿದಿತ್ತು. ಅದಕ್ಕೆ ವೈಕಿಂಗರ ವ್ಯಾಧಿಯೆಂಬ ಅಡ್ಡಹೆಸರೂ ಇದೆ. ಡೆನ್ಮಾರ್ಕಿನ ಅವಳಿಗಳ ಅಧ್ಯಯನವು ಅನುವಂಶೀಯತೆಯ ಪಾಲನ್ನು ಸುಮಾರು ಶೇಕಡ 80 ಎಂದು ಅಳೆಯಿತು. 2011ರಲ್ಲಿ ಡಚ್ ವಿಜ್ಞಾನಿಗಳ ನೇತೃತ್ವದ ತಂಡವೊಂದು ವ್ಯಾಧಿಗೆ ಸಂಬಂಧಪಟ್ಟ 9 ತಾಣಗಳನ್ನು ವರ್ಣತಂತುಗಳ ಮೇಲೆ ಗುರುತಿಸಿತು. ಅವುಗಳಲ್ಲಿ 6 ತಾಣಗಳು, ಕೋಶದಿಂದ ಕೋಶಕ್ಕೆ ಬೆಳವಣಿಗೆಯ ಆದೇಶವನ್ನು ಒಯ್ಯುವ ವಿಂಟ್ ಎಂಬ ಸಂಕೇತಮಾರ್ಗದ ವಂಶವಾಹಿಗಳ ನೆರೆಯಲ್ಲಿದ್ದವು. 2017ರ ಹೊತ್ತಿಗೆ ತಾಣಗಳ ಸಂಖ್ಯೆ 26ಕ್ಕೆ ಏರಿತು. 2023ರಲ್ಲಿ ಸ್ವೀಡನ್ನಿನ ಹ್ಯೂಗೊ ಜೆಬರ್ಗ್ ಮತ್ತವರ ಸಂಗಡಿಗರು ಅಪಾಯವನ್ನು ಹೆಚ್ಚಿಸುವ 61 ವ್ಯತ್ಯಯಗಳಲ್ಲಿ 3 ನಮಗೆ ನಿಯಾಂಡರ್ತಲ್ ಮಾನವನಿಂದ ಬಂದವೆಂದು ತೋರಿಸಿಕೊಟ್ಟರು. ಹತ್ತಾರು ಸಹಸ್ರ ವರ್ಷಗಳ ಹಿಂದೆ ಭೂಮಿಯಿಂದ ಮರೆಯಾದ ಒಂದು ಜನಾಂಗದ ದಾಯಭಾಗವು ಇಂದಿನ ಮುದುಕನೊಬ್ಬನ ಕಿರುಬೆರಳನ್ನು ಬಾಗಿಸುತ್ತಿದೆಯೆಂಬ ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ವಿಸ್ಮಯದಿಂದ ತುಂಬುತ್ತದೆ.

ಆದರೆ ತಾಣವನ್ನು ತಿಳಿದಮಾತ್ರಕ್ಕೆ ಕಾರ್ಯವನ್ನು ತಿಳಿದಂತಾಗಲಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯವು ಎಲ್ಲರಿಗೂ ಒಂದೇ ಆದರೂ, ಯಾವ ಪದವನ್ನು ಎತ್ತಿಕೊಂಡು ಎಷ್ಟು ಹೊತ್ತು ಅರ್ಥ ಹೇಳಬೇಕೆಂಬುದು ಅರ್ಥಧಾರಿಗೆ ಸೇರಿದ್ದಲ್ಲವೆ? ಹಾಗೆಯೇ ದೇಹದ ಕೋಶಗಳಲ್ಲೆಲ್ಲ ವಂಶವಾಹಿಗಳ ಪಾಠವು ಒಂದೇ. ಅಂಗೈಯ ಕೋಶವು ಅದರಲ್ಲಿ ಯಾವುದನ್ನು ನುಡಿಯುತ್ತಿದೆ, ಯಾವುದರಲ್ಲಿ ಮೌನವಾಗಿದೆಯೆಂಬುದನ್ನು ಅರಿಯಲು ಗಂಟಿನೊಳಗಿನ ಆರ್‌ಎನ್‌ಎಯನ್ನೇ ಅಳೆಯಬೇಕು. ಹೀಗೆ ಅಳೆದವರಿಗೆ ಪೆರಿಯೋಸ್ಟಿನ್ ಮೊದಲಾದ ವಂಶವಾಹಿಗಳು ರೋಗದ ನಾರಿನಲ್ಲಿ ಅತಿಯಾಗಿ ಅಭಿವ್ಯಕ್ತಿಗೊಂಡಿರುವುದು ಕಂಡಿತು. ಏಳನೆಯ ವರ್ಣತಂತುವಿನ ತಾಣದಲ್ಲಿ ಅಪಾಯದ ವ್ಯತ್ಯಯವನ್ನು ಹೊತ್ತ ರೋಗಿಗಳ ಕೋಶಗಳು, ವಿಂಟ್ ಸಂಕೇತವನ್ನು ತಡೆಹಿಡಿಯುವ ಎಸ್‌ಎಫ್‌ಆರ್‌ಪಿ4 ಎಂಬ ಪ್ರೋಟೀನನ್ನು ಕಡಿಮೆಯಾಗಿ ಸ್ರವಿಸುತ್ತವೆಂಬುದೂ ಗೊತ್ತಾಯಿತು.

ಇನ್ನೊಂದು ದಿಕ್ಕಿನಿಂದ, ಇಂಗ್ಲೆಂಡಿನ ಹಸ್ತಶಸ್ತ್ರವೈದ್ಯ ಜಗದೀಪ್ ನಂಚಾಹಲ್ ಅವರ ತಂಡವು ರೋಗಿಗಳಿಂದ ಕತ್ತರಿಸಿ ತೆಗೆದ ಗಂಟುಗಳನ್ನೇ ಪರೀಕ್ಷಿಸಿ, ಉರಿಯೂತದ ದೂತನಾದ ಟಿಎನ್ಎಫ್ ಎಂಬ ದ್ರವ್ಯವು ರೋಗಿಗಳ ಅಂಗೈಯ ತಂತುಕೋಶವನ್ನು ಮಾತ್ರ ಆರಿಸಿ ಮಯೋಫೈಬ್ರೊಬ್ಲಾಸ್ಟ್ ಆಗಿ ಪರಿವರ್ತಿಸುತ್ತದೆಂದೂ, ಆ ಪರಿವರ್ತನೆ ನಡೆಯುವುದು ಅದೇ ವಿಂಟ್ ಮಾರ್ಗದಲ್ಲೆಂದೂ 2013ರಲ್ಲಿ ಪ್ರಕಟಿಸಿತು. ವಂಶವಾಹಿಯನ್ನು ಹುಡುಕಿ ಹೊರಟವರೂ ಊತಕವನ್ನು ಹಿಡಿದು ಹೊರಟವರೂ ಒಂದೇ ಸ್ಥಳಕ್ಕೆ ಬಂದು ಸೇರಿದ ಈ ಘಟನೆಯನ್ನು ನಾನು ನಮ್ಮ ಕಾಲದ ಶಾಸ್ತ್ರದ ಶ್ರೇಷ್ಠ ಪ್ರಸಂಗಗಳಲ್ಲಿ ಒಂದೆಂದು ಎಣಿಸುತ್ತೇನೆ. ಅದರ ಫಲವಾಗಿ, ಸಂಧಿವಾತಕ್ಕೆ ಬಳಕೆಯಲ್ಲಿದ್ದ ಅಡಾಲಿಮುಮಾಬ್ ಔಷಧಿಯನ್ನು ವ್ಯಾಧಿಯ ಆರಂಭದ ಹಂತದಲ್ಲಿದ್ದ ಗಂಟಿಗೆ ಚುಚ್ಚಿ 140 ರೋಗಿಗಳಲ್ಲಿ ಪರೀಕ್ಷಿಸಿದಾಗ, ಗಂಟುಗಳು ಮೃದುವಾಗಿ ಚಿಕ್ಕವಾದುವೆಂದು 2022ರಲ್ಲಿ ವರದಿಯಾಯಿತು. ಬೆರಳು ಬಾಗುವುದನ್ನು ಅದು ಶಾಶ್ವತವಾಗಿ ತಡೆಯುತ್ತದೆಂಬುದು ಇನ್ನೂ ಸಿದ್ಧವಾಗಬೇಕಾದ ಮಾತು.

ಈ ವ್ಯಾಧಿ ನಮ್ಮಲ್ಲಿ ವಿರಳ. ಆದರೂ ಮಧುಮೇಹಿಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಾದ್ದರಿಂದ, ಮಧುಮೇಹ ಹಬ್ಬಿರುವ ಈ ನಾಡಿನಲ್ಲಿ ಅದನ್ನು ಅಲಕ್ಷಿಸುವಂತೆಯೂ ಇಲ್ಲ. ನಾನು ಹೇಳಿದ ವಂಶವಾಹಿಗಳ ಲೆಕ್ಕವೆಲ್ಲ ಬಹುಪಾಲು ಯೂರೋಪಿನ ವಂಶಸ್ಥರದು. ನಿಯಾಂಡರ್ತಲರ ಅಂಶ ನಮ್ಮ ರಕ್ತದಲ್ಲಿಯೂ ಉಂಟು. ಅದು ಇಲ್ಲಿ ಏನು ಮಾಡುತ್ತಿದೆಯೆಂದು ಕೇಳಬೇಕಾದವರು ನಾವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ಸಂಯೋಜನೆಯಲ್ಲಿ 10,000 ಭಾರತೀಯರ ಸಂಪೂರ್ಣ ಜೀನೋಮುಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯು ಅಂಥ ಪ್ರಶ್ನೆಗಳಿಗೆ ತಳಹದಿಯನ್ನು ಹಾಕಿದೆ.

ಇನ್ನುಳಿದ ಕೆಲಸ ನಿಮ್ಮದು, ಮಿತ್ರರೆ. ಬಾಗಿದ ಬೆರಳಿನ ರೋಗಿ ನಿಮ್ಮ ಬಳಿಗೆ ಬಂದಾಗ ತಂದೆಯ, ಅಜ್ಜನ, ಸೋದರಮಾವನ ಕೈಗಳು ಹೇಗಿದ್ದುವೆಂದು ವಿಚಾರಿಸಿ ಬರೆದಿಡಿರಿ. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ತಿಳಿಯುವ ಮಾತಿನಲ್ಲಿ ವಿಷಯವನ್ನು ವಿವರಿಸಿ, ತೆಗೆದ ಗಂಟನ್ನು ಸಂಶೋಧನೆಗೆ ಕೊಡಲು ಅವರ ಒಪ್ಪಿಗೆಯನ್ನು ಕೇಳಿರಿ. ಒಪ್ಪದಿದ್ದರೆ ಅವರ ಮಾತೇ ಕೊನೆಯ ಮಾತು. ಒಪ್ಪಿದರೆ ಆ ಗಂಟನ್ನು ಕಸದ ಬಕೆಟ್ಟಿಗೆ ಹಾಕಬೇಡಿರಿ, ಇಡಿಯಾಗಿ ಫಾರ್ಮಲಿನ್ನಿನಲ್ಲಿಯೂ ಮುಳುಗಿಸಬೇಡಿರಿ, ಅದರಿಂದ ಆರ್‌ಎನ್‌ಎ ಛಿದ್ರವಾಗುವುದು. ಒಂದು ತುಣುಕನ್ನಾದರೂ ತಡಮಾಡದೆ ತಣ್ಣಗಿರಿಸಿ, ಅದನ್ನು ಓದಬಲ್ಲವರ ಕೈಗೆ ಮುಟ್ಟಿಸಿರೆಂದು ನಿಮ್ಮೆಲ್ಲರನ್ನೂ ಬೇಡಿಕೊಳ್ಳುತ್ತೇನೆ.