ಆಫ್ರಿಕದ ಲೇಖಕರು ಮತ್ತು ತಾಯ್ನುಡಿ

ಒಂದು ಶಾಲೆಯ ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಶಾಲೆ ನಮ್ಮದಲ್ಲ; ಪೂರ್ವ ಆಫ್ರಿಕದ ಕೆನ್ಯಾ ದೇಶದ ಲಿಮುರು ಸೀಮೆಯದು. 1952ರಲ್ಲಿ ಬ್ರಿಟಿಷ್ ಸರ್ಕಾರ ಅಲ್ಲಿ ತುರ್ತು ಪರಿಸ್ಥಿತಿಯನ್ನು ಸಾರಿತು. ಜನರು ತಾವೇ ನಡೆಸಿಕೊಂಡು ಬರುತ್ತಿದ್ದ ಶಾಲೆಗಳು ಸರ್ಕಾರದ ವಶವಾದವು. ಅಂದಿನಿಂದ ಶಾಲೆಯ ಆವರಣದಲ್ಲಿ ಗಿಕುಯು ಭಾಷೆಯನ್ನು ಆಡುವುದು ಅಪರಾಧವಾಯಿತು. ಅಪರಾಧಿಯನ್ನು ಹಿಡಿಯುತ್ತಿದ್ದ ಬಗೆ ಹೀಗೆ: ಒಬ್ಬ ಹುಡುಗನ ಕೈಗೆ ಒಂದು ಬಟನ್ನನ್ನು ಕೊಡುವುದು, ತಾಯ್ನುಡಿಯಲ್ಲಿ ಮಾತನಾಡಿ ಸಿಕ್ಕಿಬಿದ್ದವನಿಗೆ ಅವನು ಅದನ್ನು ದಾಟಿಸುವುದು. ಸಂಜೆಗೆ ಬಟನ್ ಯಾರಲ್ಲಿದೆಯೋ ಅವನು ತನಗೆ ಅದನ್ನು ಕೊಟ್ಟವನ ಹೆಸರನ್ನು ಹೇಳಬೇಕು, ಇವನು ಅವನಿಗೆ ಕೊಟ್ಟವನ ಹೆಸರನ್ನು. ಎಲ್ಲರಿಗೂ ಬೆತ್ತದ ಏಟು. ಇಲ್ಲವೆ, ನಾನು ಕತ್ತೆ ಎಂದು ಬರೆದ ಲೋಹದ ಫಲಕವನ್ನು ಕೊರಳಿಗೆ ತೂಗುಹಾಕುತ್ತಿದ್ದರು.

ಇದನ್ನು ಬರೆದಿಟ್ಟವರು ಆ ಸೀಮೆಯಲ್ಲೇ ಓದಿ ಬೆಳೆದ ಗೂಗಿ ವಾ ಥಿಯಾಂಗೊ. ಅವರು 1938ರಲ್ಲಿ ಹುಟ್ಟಿ 2025ರಲ್ಲಿ ತೀರಿಕೊಂಡರು. ನಾನು ಇದನ್ನು ಓದಿದಾಗ ನೆನಪಾದದ್ದು ನನ್ನ ತರಗತಿಗೆ ಬೇರೆ ಶಾಲೆಯಿಂದ ಬಂದು ಸೇರಿದ ಒಬ್ಬ ಹುಡುಗ. ಮೊದಲ ವಾರವೆಲ್ಲ ಅವನು ಬಾಯಿ ತೆರೆಯುವ ಮುನ್ನ ಒಮ್ಮೆ ಹಿಂದಿರುಗಿ ನೋಡುತ್ತಿದ್ದ. ಕೇಳಿದರೆ, “ಅಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕ್ತಿದ್ರು ಸಾರ್” ಎಂದ.

ಇರಲಿ, ಆಫ್ರಿಕಕ್ಕೆ ಬರೋಣ. ಪರರ ನುಡಿಯಲ್ಲಿ ಓದಿ ಬೆಳೆದವನು ತನ್ನವರ ಕಥೆಯನ್ನು ಯಾವ ನುಡಿಯಲ್ಲಿ ಹೇಳಬೇಕು? ಈ ಪ್ರಶ್ನೆಗೆ ಅಲ್ಲಿಯ ಹಿರಿಯ ಲೇಖಕರಲ್ಲಿ ಒಂದೇ ಉತ್ತರವಿರಲಿಲ್ಲ. ನೈಜೀರಿಯದ ಚಿನುವಾ ಅಚಿಬೆ ಇಂಗ್ಲಿಷನ್ನೇ ಹಿಡಿದರು. ರೇಡಿಯೋ ಕೇಳುವ ನಿಮಗೆ ಒಂದು ಸಂಗತಿ ಹಿತವೆನಿಸಬಹುದು: ಅವರು 1954ರಲ್ಲಿ ಕೆಲಸಕ್ಕೆ ಸೇರಿದ್ದು ಲಾಗೋಸಿನ ಬಾನುಲಿಯ ಭಾಷಣ ವಿಭಾಗಕ್ಕೆ. ಕಿವಿಗೆಂದು ಬರೆಯುವ ಅಭ್ಯಾಸ ಅವರಿಗೆ ಅಲ್ಲಿ ಆಯಿತು. 1958ರಲ್ಲಿ ಪ್ರಕಟವಾದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಗಟ್ಟಿಯಾಗಿ ಓದಿದರೆ ಅದು ಗೊತ್ತಾಗುತ್ತದೆ. ಪುಟಪುಟದಲ್ಲಿಯೂ ಇಗ್ಬೊ ಜನರ ಗಾದೆಗಳು. ಭಾಷೆ ಇಂಗ್ಲಿಷು, ಉಸಿರು ಇಗ್ಬೊ.

ಅದರ ನಾಯಕ ಒಕೊಂಕ್ವೊ, ಊರಿಗೇ ಹೆಸರಾದ ಜಟ್ಟಿ. ಸೋಮಾರಿಯೂ ಸಾಲಗಾರನೂ ಆಗಿದ್ದ ತಂದೆಯಂತೆ ತಾನು ಆಗಬಾರದೆಂಬುದೊಂದೇ ಅವನ ಭಯ. ಪಕ್ಕದ ಊರಿನಿಂದ ಒತ್ತೆಯಾಗಿ ಬಂದ ಇಕೆಮೆಫುನ ಎಂಬ ಬಾಲಕ ಅವನ ಮನೆಯಲ್ಲಿ ಮೂರು ವರ್ಷ ಬೆಳೆದು ಅವನನ್ನು ತಂದೆ ಎಂದೇ ಕರೆಯುತ್ತಾನೆ. ಬಾಲಕನ ವಧೆಯಾಗಬೇಕೆಂದು ದೈವವಾಣಿಯಾಗುತ್ತದೆ. ನೀನು ಕೈ ಹಾಕಬೇಡವೆಂದು ಊರಿನ ಹಿರಿಯನೊಬ್ಬ ಎಚ್ಚರಿಸಿಯೂ ಇರುತ್ತಾನೆ. ಆದರೂ ಕಾಡಿನಲ್ಲಿ ಏಟು ತಿಂದ ಬಾಲಕ ತಂದೆಯೇ ಎಂದು ಕೂಗುತ್ತ ತನ್ನ ಕಡೆಗೇ ಓಡಿಬಂದಾಗ, ಅಂಜುಬುರುಕನೆನಿಸಿಕೊಂಡೇನೆಂಬ ಅಂಜಿಕೆಯಿಂದ ಒಕೊಂಕ್ವೊ ತಾನೇ ಕತ್ತಿಯನ್ನು ಬೀಸುತ್ತಾನೆ. ಬಿಳಿಯರು ಕಥೆಯೊಳಗೆ ಬರುವುದು ಇದಾದ ಮೇಲೆ. ತಮ್ಮವರು ನಿರ್ದೋಷಿಗಳೆಂದು ಅಚಿಬೆ ಎಲ್ಲಿಯೂ ಹೇಳುವುದಿಲ್ಲ. ಈ ಕಾದಂಬರಿಯನ್ನು ನಾನು ದೊಡ್ಡದೆನ್ನುವುದು ಅದಕ್ಕೇ.

ಕಾವ್ಯದಲ್ಲಿ ಉಗಾಂಡದ ಒಕೊಟ್ ಪಿಬಿಟೆಕ್ ಇದ್ದಾರೆ. ಅವರ ‘ಸಾಂಗ್ ಆಫ್ ಲವಿನೊ’ ಹಳ್ಳಿಯ ಹೆಂಡತಿಯೊಬ್ಬಳ ಗೋಳು. ಓದು ಕಲಿತ ಗಂಡ ಓಚೋಲ್ ಪೌಡರು ಬಳಿದುಕೊಂಡ ಪಟ್ಟಣದವಳಿಗೆ ಮನಸೋತಿದ್ದಾನೆ. ಗಡಿಯಾರ ನೋಡಲು ಬಾರದೆಂದು ಇವಳನ್ನು ಹಳಿಯುತ್ತಾನೆ. ಲವಿನೊ ಅಳುವುದಕ್ಕಿಂತ ಹೆಚ್ಚಾಗಿ ಅಣಕಿಸುತ್ತಾಳೆ. ಕವಿ ಇದನ್ನು ಮೊದಲು ಬರೆದದ್ದು ತಮ್ಮ ಅಚೋಲಿ ಭಾಷೆಯಲ್ಲಿ. ಆದರೆ ಅವರೇ ಮಾಡಿದ ಇಂಗ್ಲಿಷ್ ಅನುವಾದ 1966ರಲ್ಲಿ ಅಚ್ಚಾಯಿತು. ಮೂಲ ಅಚ್ಚಾದದ್ದು 1969ರಲ್ಲಿ! ಮಗಳ ಮದುವೆಯಾದ ಮೇಲೆ ತಾಯಿಗೆ ತಾಳಿ ಕಟ್ಟಿದಂತೆ.

ಗೂಗಿಯವರೂ ಮೊದಲು ಬರೆದದ್ದು ಇಂಗ್ಲಿಷಿನಲ್ಲಿಯೇ. 1977ರಲ್ಲಿ ತಮ್ಮ ಹಳ್ಳಿ ಕಮಿರಿಥುವಿನಲ್ಲಿ, ಗೆಳೆಯರೊಬ್ಬರೊಡನೆ ಗಿಕುಯು ಭಾಷೆಯಲ್ಲಿ ಒಂದು ನಾಟಕವನ್ನು ರಚಿಸಿದರು. ರೈತರೂ ಕೂಲಿಗಳೂ ತಾವೇ ರಂಗಸ್ಥಳವನ್ನು ಕಟ್ಟಿ, ತಾವೇ ಪಾತ್ರ ಹಾಕಿದರು. ಸರ್ಕಾರ ಪ್ರದರ್ಶನವನ್ನು ನಿಲ್ಲಿಸಿತು. ಆ ವರ್ಷದ ಕಡೆಯ ದಿನ ಗೂಗಿಯವರನ್ನು ವಿಚಾರಣೆಯಿಲ್ಲದೆ ಸೆರೆಗೆ ಹಾಕಿತು. ಈಗ ಆಳುತ್ತಿದ್ದವರು ಬಿಳಿಯರಲ್ಲ, ಸ್ವತಂತ್ರ ಕೆನ್ಯಾದವರೇ. ಅದೇ ವರ್ಷ ಅವರ ಇಂಗ್ಲಿಷ್ ಕಾದಂಬರಿ ‘ಪೆಟಲ್ಸ್ ಆಫ್ ಬ್ಲಡ್’ ಪ್ರಕಟವಾಗಿತ್ತು. ಅದರಲ್ಲಿಯೂ ಆಳುವವರ ಮೇಲೆ ಕಟುವಾದ ಟೀಕೆಯೇ ಇತ್ತು. ಆದರೆ ಅದನ್ನು ಓದಬಲ್ಲವರು ಹೊಲದಲ್ಲಿ ಇರಲಿಲ್ಲ.

ಇಲ್ಲಿ ನನ್ನದೊಂದು ಸಂಕೋಚವನ್ನು ಹೇಳಿಕೊಳ್ಳಬೇಕು. ಕನ್ನಡ ಪಂಡಿತನಾದ ನಾನು ಇವರೆಲ್ಲರನ್ನೂ ಓದಿದ್ದು ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು, ಇಂಗ್ಲಿಷಿನಲ್ಲಿ. ಅಚಿಬೆ ಇಗ್ಬೊದಲ್ಲಿಯೇ ಬರೆದಿದ್ದರೆ ಒಕೊಂಕ್ವೊ ನನ್ನ ಮನೆಯವರೆಗೆ ಬರುತ್ತಿದ್ದನೆ? ಹೀಗಾಗಿ ಅವರನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಮನಸ್ಸು ಮಾತ್ರ ಗೂಗಿಯವರ ಕಡೆಗೇ ವಾಲುತ್ತದೆ.

ಸೆರೆಮನೆಯಲ್ಲಿ ಅವರಿಗೆ ಕಾಗದವಿರಲಿಲ್ಲ. ಶೌಚಕ್ಕೆಂದು ಕೊಡುತ್ತಿದ್ದ ಒರಟು ಕಾಗದದ ಮೇಲೆಯೇ ಗಿಕುಯು ಭಾಷೆಯಲ್ಲಿ ಒಂದು ಕಾದಂಬರಿಯನ್ನು ಬರೆದರು. ಅದು 1980ರಲ್ಲಿ ಅಚ್ಚಾಯಿತು. ನಮ್ಮಲ್ಲಿ ಜಗಲಿಯ ಮೇಲೆ ಒಬ್ಬರು ಭಾರತ ಓದಿದರೆ ಓಣಿಯೇ ಕುಳಿತು ಕೇಳುತ್ತಿತ್ತಲ್ಲ, ಹಾಗೆಯೇ ಅಲ್ಲಿ ಓದು ಬಲ್ಲವನೊಬ್ಬ ಮನೆಮಂದಿಗೆಲ್ಲ ಅದನ್ನು ಓದಿ ಹೇಳುತ್ತಿದ್ದನಂತೆ. ಪಾನಗೃಹಗಳಲ್ಲಿಯೂ ಅದರ ವಾಚನ ನಡೆಯುತ್ತಿತ್ತೆಂದು ಗೂಗಿಯವರು ಬರೆದಿದ್ದಾರೆ. ಕಥೆ ರಸವತ್ತಾದ ಕಡೆಗೆ ಬಂದಾಗ ಓದುವವನು ಪುಸ್ತಕವನ್ನು ಕೆಳಗಿಟ್ಟು ತನ್ನ ಖಾಲಿ ಲೋಟವನ್ನು ನೋಡುತ್ತಿದ್ದನಂತೆ. ಕೇಳುವವರು ಅದನ್ನು ತುಂಬಿಸಿದ ಮೇಲೆಯೇ ಮುಂದಿನ ಪುಟ.